ನೂರಾ ಹನ್ನೆರಡು ಗೊರಬು, ಒಂದು ಮೊಹರು

ಯಾಮಾತೊ
ಶೋವಾ ಹತ್ತನೇ ಇಸವಿ, ಫೆಬ್ರವರಿ ಹದಿನೇಳು

ಕಿನುವಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಅಲ್ಲಿ ಎಲ್ಲರೂ ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ತಾಯಿಯ ಮೊಣಕಾಲು ಹೇಗಿದೆ? ಇಲ್ಲಿ ಪಂಚಾಂಗದ ಪ್ರಕಾರ ವಸಂತ ಬಂದು ಎರಡು ವಾರವಾಯಿತು. ಪಂಚಾಂಗ ಬರೆದವರು ಒಂದು ಬೆಳಿಗ್ಗೆ ನಮ್ಮ ಬಾವಿಕಟ್ಟೆಯ ಹತ್ತಿರ ಬರಿಗಾಲಲ್ಲಿ ನಿಂತು ನೋಡಲಿ. ಬಾನಿಯ ನೀರಿನ ಮೇಲೆ ಇವತ್ತೂ ಕಿರುಬೆರಳು ದಪ್ಪದ ಮಂಜುಗಡ್ಡೆ ಇತ್ತು.

ನೀನು ಎರಡು ಕಾಗದ ಬರೆದೆ, ನಾನು ಒಂದಕ್ಕೂ ಉತ್ತರ ಕೊಡಲಿಲ್ಲ. ತಪ್ಪು ನನ್ನದೇ, ಕ್ಷಮಿಸು. ಬಲಗೈ ಹೆಬ್ಬೆರಳು ಊದಿಕೊಂಡಿತ್ತು ಎಂದು ಬರೆಯಬಹುದು, ಅದು ನಿಜವೂ ಹೌದು. ಆದರೆ ಅದೇ ಹೆಬ್ಬೆರಳಿನಲ್ಲಿ ಹೂಗಿಡಗಳಿಗೆ ನೂರಾ ಹನ್ನೆರಡು ಹುಲ್ಲಿನ ಗೊರಬು ಕಟ್ಟಿದ್ದೇನೆ, ಹಾಗಾಗಿ ಆ ನೆಪ ನಿನ್ನ ಹತ್ತಿರ ನಡೆಯುವುದಿಲ್ಲ.

ನವೆಂಬರಿನ ಕಾಗದದ ಜೊತೆಗೆ ನೀನು ಕಚೇರಿಯ ಹಾಳೆ ಇಟ್ಟು ಕಳಿಸಿದ್ದೆ. ನಿನ್ನ ಹೆಸರನ್ನು ಈ ಮನೆಯ ದಾಖಲೆಯಿಂದ ತೆಗೆದು ತೌರಿನ ದಾಖಲೆಗೆ ಸೇರಿಸಬೇಕಾದರೆ ಈ ಮನೆಯ ಯಜಮಾನರ ಮೊಹರು ಬೀಳಬೇಕು. ಗಂಡ ಹೋದ, ಮಗ ಶಿಂಕಿಚಿಯೂ ಹೋದ, ಯಜಮಾನಿಕೆ ನನ್ನ ಕೊರಳಿಗೆ ಬಿತ್ತು. ನಾನು ಮೊಹರು ಒತ್ತಿದರೆ ನೀನು ತೌರೂರು ವಕಾಸಾದಲ್ಲೇ ಮರುಮದುವೆಯಾಗಬಹುದು, ಊಟದ ಕಡ್ಡಿಗೆ ಅರಗು ಹಚ್ಚುವ ಕೆಲಸದ ಒಬ್ಬ ವಿಧುರರು ಕೇಳಿದ್ದಾರೆ, ಆರು ವರ್ಷದ ಹೆಣ್ಣುಮಗು ಇದೆ ಎಂದು ಬರೆದಿದ್ದೆ. ಹಾಳೆಯನ್ನು ಅಕ್ಕಿಪೆಟ್ಟಿಗೆಯ ಕೆಳಗೆ ಇಟ್ಟೆ. ದಿನಕ್ಕೆ ಎರಡು ಸಲ ಅಕ್ಕಿ ತೆಗೆಯುತ್ತಿದ್ದೆ, ಹಾಳೆ ತೆಗೆಯಲಿಲ್ಲ.

ಆಮೇಲೆ ಜನವರಿ ಕೊನೆಗೆ ನಿನ್ನ ಇನ್ನೊಂದು ಕಾಗದ ಬಂತು. ಅವರು ಹಿಂದೆ ಸರಿದರು, ಕಾರಣ ಹೇಳಲಿಲ್ಲ, ಇನ್ನು ಮೊಹರಿಗೆ ಅವಸರವಿಲ್ಲ, ಮಾರ್ಚಿನಲ್ಲಿ ನಾನು ವಾಪಸು ಬಂದು ನಿಮ್ಮ ಜೊತೆಯಲ್ಲೇ ಇದ್ದುಬಿಡಲೇ ಅತ್ತೆ ಎಂದು ಕೇಳಿದ್ದೀಯ. ಇದಕ್ಕೆ ಉತ್ತರ ಬರೆಯಲೇಬೇಕು, ಬರೆಯುತ್ತೇನೆ. ಮೊದಲು ಹೂವಿನ ಸುದ್ದಿ. ಎರಡೂ ಕಾಗದದಲ್ಲಿ ನೀನು ನನ್ನ ಆರೋಗ್ಯ ವಿಚಾರಿಸುವುದಕ್ಕೆ ಮೊದಲು ದೇಗುಲದ ತೋಟದ ಬೋತಾನ್ ಹೂವಿನ ಆರೋಗ್ಯ ವಿಚಾರಿಸಿದ್ದೀಯ.

ನೀನು ಆಗಸ್ಟಿನಲ್ಲಿ ಹಿರಿಯರ ಹಬ್ಬಕ್ಕೆಂದು ತೌರಿಗೆ ಹೋದ ಮೇಲೆ ಗಿಡದ ಎಲೆ ಕೀಳುವ ಕೆಲಸ ನನ್ನೊಬ್ಬಳ ಪಾಲಿಗೆ ಬಂತು. ವಸಂತದಲ್ಲಿ ಮೊಗ್ಗು ಚಿವುಟುವಾಗ ನೀನಿದ್ದೆ, ಎಷ್ಟು ಚಿವುಟಿದೆವು ಎಂದು ನಿನಗೆ ಗೊತ್ತು. ಚಳಿಗಾಲದಲ್ಲಿ ಹೂ ಬೇಕೆಂದು ದೇಗುಲದವರಿಗೆ ಆಸೆ, ವಸಂತದ ಹೂವನ್ನು ಕಳೆದುಕೊಳ್ಳುವುದು ಗಿಡದ ಹಣೆಬರಹ. ಎಲೆ ಕಿತ್ತ ಮೇಲೆ ಗಿಡಗಳು ಒಂದು ತಿಂಗಳು ಕೋಪ ಮಾಡಿಕೊಂಡವು. ಅಕ್ಟೋಬರಿನಲ್ಲಿ ಸರಿಹೋದವು.

ಹುಲ್ಲು ಈ ವರ್ಷ ಚೆನ್ನಾಗಿ ಸಿಕ್ಕಿತು. ಅಂಟಕ್ಕಿ ಭತ್ತದ್ದು, ನನ್ನ ಎದೆಮಟ್ಟ ಉದ್ದ. ನೆನೆಸಿ, ಕೊಡತಿಯಿಂದ ಬಡಿದು ಮೆತ್ತಗೆ ಮಾಡುವ ಹೊತ್ತಿಗೆ ನನ್ನ ರಟ್ಟೆಯೂ ಮೆತ್ತಗಾಯಿತು. ಪಕ್ಕದ ಮನೆಯ ಮಸೆ ಸಹಾಯಕ್ಕೆ ಬಂದಳು. ಬಂದಳು ಅನ್ನುವುದಕ್ಕಿಂತ ಮಾತಾಡಲು ಬಂದವಳ ಕೈಗೆ ನಾನು ಹುರಿ ಕೊಟ್ಟೆ. ಗಿಡದ ಸುತ್ತ ಮೂರು ಬಿದಿರು ನೆಟ್ಟು, ತಲೆಯ ಮೇಲೆ ಹುಲ್ಲಿನ ಕಟ್ಟು ಬಿಗಿದು, ಕೆಳಗೆ ಹರಡಿ ಗೊರಬು ಮಾಡುವುದನ್ನು ಬೇಗ ಕಲಿತಳು. ಆದರೆ ಮೊದಲ ದಿನವೇ ಎಂಟು ಗೊರಬಿನ ಬಾಯನ್ನು ಉತ್ತರಕ್ಕೆ ಮಾಡಿ ಇಟ್ಟಿದ್ದಳು.

"ಗಂಟು ಬಿಗಿಯಾಗೇ ಇದೆಯಲ್ಲ ನುಯಿ ಅಕ್ಕ, ಇನ್ನೇನು ಬೇಕು ನಿಮಗೆ?"

"ಗಂಟು ಸರಿಯಾಗಿದೆ. ಬಾಯಿ ಎತ್ತ ಇದೆ ನೋಡು."

"ದಾರಿ ಕಡೆಗಿದೆ. ಬಂದ ಜನಕ್ಕೆ ಹೂವು ಕಾಣೋದು ಬೇಡ್ವಾ?"

"ಜನ ಸುತ್ತು ಹಾಕ್ಕೊಂಡು ಬಂದು ನೋಡ್ತಾರೆ. ಸೂರ್ಯ ಸುತ್ತು ಹಾಕ್ಕೊಂಡು ಬರಲ್ಲ."

ಎಂಟನ್ನೂ ಬಿಚ್ಚಿಸಿ ದಕ್ಷಿಣಕ್ಕೆ ತಿರುಗಿಸಿದೆ. ಅವಳು ಒಂದು ಗಂಟೆ ಹೊತ್ತು ಮಾತಾಡಲಿಲ್ಲ, ಆ ಒಂದು ಗಂಟೆಯಲ್ಲಿ ಕೆಲಸ ಬಹಳ ಸಾಗಿತು.

ಕಷ್ಟವಾದದ್ದು ಗೊರಬು ಕಟ್ಟುವುದರಲ್ಲಿ ಅಲ್ಲ, ಚಾಪೆ ಹಾಕಿ ತೆಗೆಯುವುದರಲ್ಲಿ. ಸಂಜೆ ಬಿಸಿಲು ಬೆಟ್ಟದ ಹಿಂದೆ ಸರಿದ ಕೂಡಲೇ ನೂರಾ ಹನ್ನೆರಡು ಬಾಯಿಗೂ ಚಾಪೆ ಇಳಿಬಿಡಬೇಕು. ಬೆಳಿಗ್ಗೆ ಅವಸರ ಮಾಡುವಂತಿಲ್ಲ. ಹೆಪ್ಪುಗಟ್ಟಿದ ಮೊಗ್ಗು ನೆರಳಲ್ಲಿ ತಾನಾಗಿ ಕರಗಿದರೆ ಬದುಕುತ್ತದೆ, ಅದರ ಮೇಲೆ ಥಟ್ಟನೆ ಬಿಸಿಲು ಬಿದ್ದರೆ ಸುಟ್ಟುಹೋಗುತ್ತದೆ. ಪೂರ್ವದ ಸಾಲನ್ನು ಎಲ್ಲಕ್ಕಿಂತ ಕೊನೆಗೆ ತೆರೆಯಬೇಕು ಎಂದು ನಾನು ನಿನಗೆ ಹೇಳಿದ್ದು ಒಂದೇ ಸಲ, ಮಸೆಗೆ ಪ್ರತಿದಿನ ಹೇಳುತ್ತೇನೆ. ನಾವಿಬ್ಬರೂ ಎರಡು ತುದಿಯಿಂದ ಶುರುಮಾಡಿ ಗಂಟೆಗೋಪುರದ ಹತ್ತಿರ ಸೇರುತ್ತಿದ್ದೆವಲ್ಲ, ಅಲ್ಲಿ ನೀನು ಕೈ ಉಜ್ಜಿಕೊಂಡು ನಿಂತಿರುತ್ತಿದ್ದೆ. ಈ ವರ್ಷ ನಾನು ಒಂದು ತುದಿಯಿಂದ ಶುರುಮಾಡಿ ಇನ್ನೊಂದು ತುದಿಗೆ ಹೋಗಿ ಮನೆಗೆ ಬರುತ್ತೇನೆ. ನೀನಿಲ್ಲದೆ ಕಷ್ಟವಾಯಿತು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಡಿಸೆಂಬರ್ ಹತ್ತೊಂಬತ್ತಕ್ಕೆ ಮೊದಲ ಬಿಳಿ ಹೂವು ಬಿಚ್ಚಿತು. ಆಮೇಲೆ ಗೋಪುರದ ಕೆಳಗಿನ ಕೆಂಪು, ಅನ್ನದ ಬಟ್ಟಲಿಗಿಂತ ದೊಡ್ಡದು. ಹಿಮ ಬಿದ್ದ ದಿನ ಜನ ಬಹಳ ಬಂದರು. ದೇಗುಲದ ಗುರುಗಳು ಸಾಲುಗಳ ನಡುವೆ ಓಡಾಡಿ, "ಈ ಸಲ ಗೊರಬು ಸ್ವಲ್ಪ ಒರಟಾಗಿ ಕಾಣ್ತವಲ್ಲ ನುಯಿ" ಅಂದರು. "ಚಳಿಗೆ ಕಣ್ಣಿಲ್ಲ ಗುರುಗಳೇ, ಒರಟಾದರೂ ನಡೆಯುತ್ತೆ" ಅಂದೆ. ಅವರಿಗೆ ಗೊತ್ತು, ನನಗೂ ಗೊತ್ತು, ಗೊರಬಿನ ಅಂಚನ್ನು ಸಮವಾಗಿ ಬಿಡಿಸುವುದು ನಿನ್ನ ಕೈಗೆ ಬರುತ್ತದೆ. ನಲವತ್ತು ವರ್ಷ ಕಟ್ಟಿದರೂ ನನ್ನ ಕೈಗೆ ಬರಲಿಲ್ಲ.

ಒಟ್ಟು ಒಂಬತ್ತು ಹೂವು ಕಳೆದುಕೊಂಡೆ. ಒಂಬತ್ತೂ ಒಂದೇ ದಿನ ಹೋದವು. ಅದನ್ನು ಆಮೇಲೆ ಬರೆಯುತ್ತೇನೆ.

ನಿನ್ನ ಬಗ್ಗೆ ವಿಚಾರಿಸಲು ಇಲ್ಲಿಗೆ ಯಾರಾದರೂ ಬಂದಿದ್ದರೇ ಎಂದು ಕೇಳಿದ್ದೀಯ. ಬಂದಿದ್ದರು. ಜನವರಿ ಹನ್ನೊಂದರಂದು, ಕಮಾದಾ ಅನ್ನುವವರು, ವಕಾಸಾದಿಂದ. ಆ ಮನೆಯ ಪರವಾಗಿ ಸಂಬಂಧ ಮಾತಾಡುವವರು ಇರಬೇಕು. ಐವತ್ತು ದಾಟಿದ ವಯಸ್ಸು, ಹೊಸ ಕೊಡೆ. ಹೂವು ನೋಡಲು ಬಂದ ಯಾತ್ರಿಕನ ಹಾಗೆ ಬಂದರು. ಆದರೆ ಹೂವು ನೋಡುವವರು ಹೂವಿನಿಂದ ಹೂವಿಗೆ ಹೋಗುತ್ತಾರೆ. ಇವರು ಮೊದಲು ಮಸೆಯ ಹತ್ತಿರ ಅರ್ಧ ಗಂಟೆ ನಿಂತರು, ಆಮೇಲೆ ನನ್ನ ಹತ್ತಿರ ಬಂದು ನಿಂತರು. ನಾನು ಒಂದು ಗೊರಬಿನ ಸಡಿಲವಾದ ಹುರಿ ಬಿಗಿಯುತ್ತಿದ್ದೆ.

"ಇಷ್ಟನ್ನೂ ಒಬ್ಬರೇ ನೋಡ್ಕೋತೀರಾ ತಾಯಿ?"

"ಒಬ್ಬಳೇ."

"ಮನೇಲಿ ಸೊಸೆ ಇದ್ದರು ಅಂತ ಕೇಳಿದ್ದೆ."

"ಎಲ್ಲಿ ಕೇಳಿದ್ರಿ?"

"ಹೀಗೇ, ರೈಲಲ್ಲಿ ಯಾರೋ ಮಾತಾಡ್ತಿದ್ರು."

"ನಮ್ಮ ಸೊಸೆ ರೈಲಲ್ಲೆಲ್ಲ ಹೆಸರುವಾಸಿ ಅಂತ ನನಗೆ ಗೊತ್ತಿರಲಿಲ್ಲ."

ಮನುಷ್ಯ ಕೆಟ್ಟವರಲ್ಲ. ನಕ್ಕುಬಿಟ್ಟರು. ನಕ್ಕ ಮೇಲೆ ಸುತ್ತುಬಳಸು ಬಿಟ್ಟು ನೇರವಾಗಿ ಕೇಳಿದರು, "ಹೇಗಿದ್ದರು ಸೊಸೆ? ಆ ಕಡೆಯವರಿಗೆ ತಾಯಿಯಿಲ್ಲದ ಮಗು ಇದೆ ನೋಡಿ, ಅದಕ್ಕೇ ಕೇಳ್ತಾ ಇದ್ದೀನಿ."

ನಾನು ಹುರಿ ಬಿಟ್ಟು ಎದ್ದು ನಿಂತು ಹೇಳಿದೆ. "ಒಂಬತ್ತು ವರ್ಷ ನನ್ನ ಜೊತೆ ಇದ್ದಳು. ನನಗಿಂತ ತಡವಾಗಿ ಎದ್ದ ದಿನ ಒಂದೂ ಇಲ್ಲ. ನನ್ನ ಮಗ ಹಾಸಿಗೆ ಹಿಡಿದ ಹನ್ನೊಂದು ವಾರ ಅವನ ಪಕ್ಕದಲ್ಲೇ ಕೂತು ಹುರಿ ಹೊಸೆದಳು. ಅವನನ್ನೂ ನೋಡ್ಕೊಂಡಳು, ಕೆಲಸಾನೂ ನಿಲ್ಲಿಸಲಿಲ್ಲ. ಅವನು ಹೋದ ಮೇಲೆ ನಾಲ್ಕು ವರ್ಷ ನನ್ನನ್ನ ನೋಡ್ಕೊಂಡಳು. ಅಡಿಗೆ ಅಚ್ಚುಕಟ್ಟು, ಮಾತು ಮೃದು. ಹೊಟ್ಟೇಲಿ ಹುಟ್ಟಿದ ಮಗಳಿದ್ದಿದ್ರೂ ಹೀಗೆ ನೋಡ್ಕೋತಿರಲಿಲ್ಲ."

"ಕೊರತೆ ಅಂತ ಏನಾದ್ರೂ?"

"ಒಂದೂ ಇಲ್ಲ."

"ಒಂದೂ ಇಲ್ವಾ?"

"ಒಂದೂ ಇಲ್ಲ. ಬೇಗ ಕರ್ಕೊಂಡು ಹೋಗಿ. ಮೊಹರು ಬೇಕಾದ್ರೆ ನಾಳೇನೇ ಒತ್ತಿ ಕೊಡ್ತೀನಿ."

ಅವರು ನನ್ನ ಮುಖ ನೋಡಿ ಕೊಡೆ ಎತ್ತಿಕೊಂಡರು. ಆಮೇಲೆ ಅಗತ್ಯಕ್ಕಿಂತ ಹೆಚ್ಚು ಬಾಗಿ ನಮಸ್ಕಾರ ಮಾಡಿ, ಬಹಳ ಉಪಕಾರವಾಯಿತು ಎಂದು ಹೇಳಿ ಹೊರಟರು. ನಾನು ದೇಗುಲದ ಬಾಗಿಲವರೆಗೆ ಹೋಗಿ ಕಳಿಸಿ ಬಂದೆ.

ಮಸೆ ಕಾಯುತ್ತ ನಿಂತಿದ್ದಳು. "ಏನು ಹೇಳಿ ಕಳಿಸಿದ್ರಿ ನುಯಿ ಅಕ್ಕ?"

"ಇದ್ದದ್ದು ಹೇಳಿದೆ. ಒಳ್ಳೆಯವಳು ಅಂದೆ."

"ಒಂದೆರಡು ಕೊರತೆ ಹೇಳ್ಲಿಲ್ವಾ?"

"ಇಲ್ಲದ್ದನ್ನ ಎಲ್ಲಿಂದ ತರಲಿ?"

"ಅಯ್ಯೋ, ನಾನಾದ್ರೂ ಹೇಳಿದ್ದು ಒಳ್ಳೇದಾಯ್ತು. ಉಪ್ಪಿನಕಾಯಿಗೆ ಉಪ್ಪು ಸುರೀತಾಳೆ, ಬೈದ್ರೆ ಎರಡು ದಿನ ಮುಖ ಊದಿಸ್ಕೋತಾಳೆ ಅಂದೆ. ಕೇಳಿ ಆ ಮನುಷ್ಯನಿಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ? ಅಷ್ಟೇ ತಾನೇ, ಅಂದ್ರು. ಅತ್ತೆ ಆದವಳು ಬರೀ ಹೊಗಳ್ತಾ ನಿಂತ್ರೆ ಕೇಳಿದೋರು ಏನಂದ್ಕೋಬೇಕು? ಈ ಹೆಣ್ಣಲ್ಲಿ ಏನೋ ದೊಡ್ಡ ಹುಳುಕಿದೆ, ಅದಕ್ಕೇ ಮುದುಕಿ ಸಾಗಹಾಕೋಕೆ ನೋಡ್ತಿದ್ದಾಳೆ ಅಂದ್ಕೋತಾರೆ."

"ನೀನು ನಿನ್ನ ಗಂಟು ನೋಡ್ಕೋ ಹೋಗು" ಅಂದೆ.

ಮಸೆ ಹೇಳಿದ್ದು ಸರಿಯಿರಬಹುದು. ವಿಚಾರಣೆಗೆ ಬಂದವರಿಗೆ ಹೇಗೆ ಉತ್ತರ ಕೊಡಬೇಕು ಎಂದು ಯೋಚಿಸಲಿಲ್ಲ, ಬಾಯಿಗೆ ಬಂದದ್ದನ್ನು ಹೇಳಿದೆ. ಅವರು ಅದನ್ನು ತಪ್ಪು ತಿಳಿದುಕೊಂಡು ಹಿಂದೆ ಸರಿದಿದ್ದರೆ ಅದಕ್ಕೆ ಕಾರಣ ನಾನು, ನೀನಲ್ಲ. ನಿನ್ನಲ್ಲೇ ಏನು ಕಂಡರೋ ಎಂದು ಕೊರಗಬೇಡ. ಅದಕ್ಕೇ ಇಷ್ಟು ಉದ್ದ ಬರೆದೆ.

ಆ ಒಂಬತ್ತು ಹೂವು ಹೋದದ್ದು ಅದೇ ದಿನ. ಕಮಾದಾ ಅವರನ್ನು ಕಳಿಸಿ ಬಂದವಳು ಪಶ್ಚಿಮದ ಸಾಲಿನ ಚಾಪೆ ಇಳಿಬಿಡುವುದನ್ನು ಮರೆತು ಮನೆಗೆ ಹೋದೆ. ಬೆಳಿಗ್ಗೆ ನೋಡಿದರೆ ಎಲ್ಲ ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿದ್ದಿದ್ದವು. ಗುರುಗಳು ನೋಡಿದರು, ಬೈಯಲಿಲ್ಲ. ನಲವತ್ತು ವರ್ಷದಲ್ಲಿ ಚಾಪೆ ಮರೆತದ್ದು ಇದೇ ಮೊದಲು. ಸುಟ್ಟ ಹೂವುಗಳನ್ನು ಕತ್ತರಿಸಿ ಹಾಕಿದ್ದೇನೆ. ಬೇರಿಗೆ ಏನೂ ಆಗಿಲ್ಲ, ಮುಂದಿನ ವರ್ಷ ಬಿಡುತ್ತವೆ.

ಇನ್ನು ನೀನು ಕೇಳಿದ್ದಕ್ಕೆ ಉತ್ತರ.

ನಿನ್ನ ಕಾಗದ ಬಂದ ದಿನ ನಿನ್ನ ಹಾಸಿಗೆಯನ್ನು ತೆಗೆದು ಬಿಸಿಲಿಗೆ ಹಾಕಿದೆ. ಮರುದಿನವೂ ಹಾಕಿದೆ. ನಿನ್ನ ಅನ್ನದ ಬಟ್ಟಲನ್ನು ಕಪಾಟಿನ ಹಿಂದಿನಿಂದ ತೆಗೆದು ತೊಳೆದು ಮುಂದಿಟ್ಟೆ. ಗುರುಗಳಿಗೆ ಹೇಗೋ ಸುದ್ದಿ ಮುಟ್ಟಿತ್ತು, ಮಸೆಯೇ ಮುಟ್ಟಿಸಿರಬೇಕು. "ಕಿನು ಬರ್ತಾಳಂತೆ, ಒಳ್ಳೇದಾಯ್ತು. ಹಿಂಭಾಗದ ತೋಟದಲ್ಲೂ ಬೋತಾನ್ ಹಾಕಿಸೋಣ, ನಿಮಗಿಬ್ಬರಿಗೂ ಕೆಲಸ ಇರುತ್ತೆ" ಅಂದರು. ಹೂಂ ಅಂದೆ. ಎಂಟು ಹತ್ತು ದಿನ ಹೀಗೇ ಹೂಂಗುಟ್ಟಿಕೊಂಡು ಓಡಾಡಿದೆ. ಕಾಗದ ಬರೆಯಲು ಕೂತರೆ ಮಾತ್ರ, ಬಾ ಎಂಬ ಒಂದು ಅಕ್ಷರ ಬರೆಯಲು ಕೈ ಏಳಲಿಲ್ಲ.

ಮೊನ್ನೆ ಗುರುಗಳಿಗೆ ಹೋಗಿ ಹೇಳಿದೆ, "ಕಿನು ಬರಲ್ಲ." ಯಾಕೆ ಎಂದು ಕೇಳಿದರು. "ನಾನು ಬೇಡ ಅಂದೆ" ಅಂದೆ. "ನಿನಗೆ ವಯಸ್ಸಾಯ್ತು ನುಯಿ, ಯೋಚನೆ ಮಾಡು" ಅಂದರು. "ಯೋಚನೆ ಮಾಡಿದ್ದಕ್ಕೇ ಹೇಳ್ತಿರೋದು ಗುರುಗಳೇ" ಎಂದು ಹೇಳಿ ಬಂದೆ.

ಆದ್ದರಿಂದ ಕಿನು, ಮಾರ್ಚಿನಲ್ಲಿ ಬರಬೇಡ. ಏಪ್ರಿಲಿನಲ್ಲೂ ಬರಬೇಡ. ನಿನಗೆ ಇನ್ನೂ ಮೂವತ್ತು. ಈ ಮನೆಯಲ್ಲಿ ಇರುವುದು ಒಬ್ಬ ಸತ್ತವನ ಹೆಸರು ಬರೆದ ಪೂಜೆಯ ಫಲಕ ಮತ್ತು ಅವನ ತಾಯಿ. ಇವರಿಬ್ಬರಿಗೆ ಬೆಳಿಗ್ಗೆ ಎದ್ದು ಅನ್ನ ಬಡಿಸಿಕೊಂಡು ನೀನು ಮುದುಕಿಯಾಗಬೇಕಿಲ್ಲ. ಕಚೇರಿಯ ಹಾಳೆಗೆ ಮೊಹರು ಒತ್ತಿ ಇದರ ಜೊತೆಯಲ್ಲೇ ಇಟ್ಟಿದ್ದೇನೆ. ಮೊಹರು ಸ್ವಲ್ಪ ಓರೆಯಾಗಿ ಬಿದ್ದಿದೆ, ಹೆಬ್ಬೆರಳಿನ ಪ್ರತಾಪ. ಕಚೇರಿಯಲ್ಲಿ ತೋರಿಸಿ ಕೇಳಿದೆ, ನಡೆಯುತ್ತದೆ ಅಂದರು. ಅರಗಿನ ಕೆಲಸದವರು ಆಗದಿದ್ದರೆ ಇನ್ನೊಬ್ಬರು ಬರುತ್ತಾರೆ. ಬಂದಾಗ ಈ ಹಾಳೆಗಾಗಿ ನೀನು ಯಾರ ಮುಂದೆಯೂ ಕಾಯುವಂತಾಗಬಾರದು.

ನನ್ನ ಚಿಂತೆ ಬೇಡ. ಮಾರ್ಚ್ ಮೊದಲ ವಾರಕ್ಕೆ ಗೊರಬು ಬಿಚ್ಚಿ, ಒಳಗೆ ಹುಳು ಸೇರಿರುತ್ತವಲ್ಲ, ಎಲ್ಲವನ್ನೂ ಸುಟ್ಟುಬಿಡುತ್ತೇನೆ. ಬೇರಿಗೆ ಹಿಂಡಿ ಹಾಕಬೇಕು. ಮಸೆಯ ಕೈ ಮುಂದಿನ ಚಳಿಗಾಲಕ್ಕೆ ಪಳಗುತ್ತದೆ, ಬಾಯಿ ಪಳಗುವ ಆಸೆ ನನಗಿಲ್ಲ.

ನಿನಗೆ ಒಳ್ಳೆಯ ಮನೆ ಸಿಗಲಿ. ಮಕ್ಕಳಾಗಲಿ. ಚಳಿಯಲ್ಲಿ ಕೆಲಸ ಮಾಡುವಾಗ ಕೈಗೆ ಎಣ್ಣೆ ಹಚ್ಚಿಕೋ, ನಿನ್ನ ಬೆರಳು ಬೇಗ ಬಿರಿಯುತ್ತವೆ. ನಿನ್ನ ತಾಯಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನುಯಿ

ಮರೆತ ಮಾತು: ಮೇಲೆ ಬರೆದದ್ದರಲ್ಲಿ ಒಂದು ಕಡೆ ಸುಳ್ಳಿದೆ. ಕಾಗದ ಮಡಿಚಿದ ಮೇಲೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಕಮಾದಾ ಅವರ ಮುಂದೆ ನಾನು ಬಾಯಿಗೆ ಬಂದದ್ದು ಹೇಳಲಿಲ್ಲ. ಹೊಗಳಿದರೆ ಏನಾಗುತ್ತದೆ ಎಂದು ಮಸೆ ಹೇಳಿಕೊಡಬೇಕಾದಷ್ಟು ದಡ್ಡಿ ನಾನಲ್ಲ. ನಿನ್ನನ್ನು ಶಿಂಕಿಚಿಗೆ ತರುವ ಮೊದಲು ನೀನು ಕೆಲಸಕ್ಕಿದ್ದ ಛತ್ರಕ್ಕೆ ಹೋಗಿ ನಾನೇ ವಿಚಾರಿಸಿದ್ದೆ. ಆ ಛತ್ರದ ಯಜಮಾನಿ, ಮೂರು ಬಟ್ಟಲು ಅನ್ನ ಉಣ್ಣುತ್ತಾಳೆ, ಅತಿಥಿಗಳ ಮುಂದೆಯೇ ಗಟ್ಟಿಯಾಗಿ ನಗುತ್ತಾಳೆ ಎಂದು ದೂರಿದಳು. ಆ ದೂರು ಕೇಳಿಯೇ ನಂಬಿಕೆ ಬಂದು ನಿನ್ನನ್ನು ತಂದುಕೊಂಡೆ. ಎಲ್ಲ ಗೊತ್ತಿದ್ದೂ, ಅವರು ಹೆದರಿ ಹಿಂದೆ ಸರಿಯಲಿ ಎಂದೇ ಹೊಗಳಿದೆ. ನೀನು ನನ್ನ ಹತ್ತಿರ ವಾಪಸು ಬರಬೇಕಾಗಿತ್ತು, ಅಷ್ಟೇ. ಮೊಹರಿನ ಮಾತು ಬಿಟ್ಟರೆ ಹೇಳಿದ್ದೆಲ್ಲ ನಿಜ. ಒಂದೂ ಕೂಡಿಸಿ ಹೇಳಲಿಲ್ಲ. ಆ ದಿನ ಸಂತೋಷಕ್ಕೆ ಚಾಪೆ ಮರೆತೆ, ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ.

ಕಮಾದಾ ಅವರಿಗೂ ಇದೇ ಟಪಾಲಿನಲ್ಲಿ ಬೇರೆ ಕಾಗದ ಹಾಕುತ್ತಿದ್ದೇನೆ. ಸೊಸೆಯ ಎರಡು ದೋಷಗಳನ್ನು ಹೇಳಲು ಮರೆತಿದ್ದೆ, ಈಗ ನೆನಪಾಯಿತು ಎಂದು ಬರೆದಿದ್ದೇನೆ. ಒಂದು, ನಿದ್ದೆಯಲ್ಲಿ ಹಲ್ಲು ಕಡಿಯುತ್ತಾಳೆ. ಎರಡು, ಹಳೆಯ ಅತ್ತೆಯ ಮೇಲೆ ಅವಳಿಗೆ ವಿಪರೀತ ಮಮತೆ, ಬಿಟ್ಟಿರಲಾರಳು. ನೀನು ಇದನ್ನು ಓದಿ ಮುಗಿಸುವ ಹೊತ್ತಿಗೆ ಎರಡನೆಯದು ಉಳಿದಿರುವುದಿಲ್ಲ. ಅಷ್ಟರ ಮಟ್ಟಿಗೆ ಅವರಿಗೆ ಸುಳ್ಳು ಬರೆದ ಹಾಗಾಯಿತು.